ನಿಧಿ ಅಲ್ಲ ಸ್ವಾಮಿ, ಅಂಗಿ ಗುಂಡಿ

ನಮ್ಮ ಕಡೆ ಒಬ್ಬ ಮನುಷ್ಯ ರಿಟೈರ್ ಆದ ಅಂದ್ರೆ ಮುಂದೆ ಅವನೇನು ಮಾಡ್ಬೇಕು ಅನ್ನೋದನ್ನ ಅವನೊಬ್ಬನನ್ನ ಬಿಟ್ಟು ಮಿಕ್ಕವರೆಲ್ಲ ಸೇರಿ ತೀರ್ಮಾನ ಮಾಡಿಬಿಟ್ಟಿರ್ತಾರೆ. ಬೆಳಗ್ಗೆ ವಾಕಿಂಗು, ಮೊಮ್ಮಕ್ಕಳನ್ನ ಸ್ಕೂಲ್ ವ್ಯಾನಿಗೆ ಹತ್ತಿಸೋದು, ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ, ಕೈಕಾಲು ಗಟ್ಟಿ ಇರೋವಾಗ್ಲೇ ಒಂದ್ಸಲ ಕಾಶಿ. ಇದರಾಚೆ ಏನಾದ್ರೂ ಹೊಸದಾಗಿ ಶುರು ಮಾಡ್ತೀನಿ ಅಂದ್ರೆ "ಈ ವಯಸ್ಸಲ್ಲಿ ಬೇಕಿತ್ತಾ ಇದೆಲ್ಲ" ಅನ್ನೋ ಮಾತು ಎಲ್ಲರ ಬಾಯಲ್ಲೂ ರೆಡಿ. ನಾನಿರೋ ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ ಜನ ಕೇಳೋದೇ ಬೇರೆ, ಮುಂದೇನು ಕಲೀತೀಯಾ, ಯಾವ ಕ್ಲಬ್ ಸೇರ್ತೀಯಾ ಅಂತ. ಎಪ್ಪತ್ತು ದಾಟಿದವರು ಜೇನು ಸಾಕೋಕೆ ಶುರು ಮಾಡ್ತಾರೆ, ಚರ್ಚಿನ ಗಂಟೆ ಬಾರಿಸೋದನ್ನ ಕಲೀತಾರೆ, ಹಳೇ ಉಗಿಬಂಡಿ ರಿಪೇರಿ ಮಾಡೋ ಸಂಘಕ್ಕೆ ಸೇರಿ ಮೈಯೆಲ್ಲಾ ಮಸಿ ಮಾಡ್ಕೊಂಡು ಬರ್ತಾರೆ. ಇದೆಲ್ಲಾ ನಮಗಿಂತ ಮೇಲು ಅಂತೇನೂ ನಾನು ಹೇಳಲ್ಲ, ಮಕ್ಕಳು ಮೊಮ್ಮಕ್ಕಳು ದೂರ ಇರೋದ್ರಿಂದ ದಿನ ಕಳೆಯೋಕೆ ಹುಡುಕಿಕೊಂಡ ದಾರಿನೂ ಹೌದು ಎಷ್ಟೋ ಜನಕ್ಕೆ. ಆದ್ರೆ ಅರವತ್ತರ ಮೇಲೂ ಒಬ್ಬ ಮನುಷ್ಯ ಒಂದು ವಿಷಯದಲ್ಲಿ ಒಂದನೇ ಕ್ಲಾಸಿಗೆ ಸೇರಬಹುದು, ಯಾರೂ ನಗಲ್ಲ ಅನ್ನೋದು ನಂಗೆ ಹಿಡಿಸ್ತು. ನಾನು ಸೇರಿದ್ದು ಮೆಟಲ್ ಡಿಟೆಕ್ಟಿಂಗಿಗೆ, ಅಂದ್ರೆ ಒಂದು ಮೆಷಿನ್ ಹಿಡ್ಕೊಂಡು ಹೊಲದ ಮಣ್ಣಲ್ಲಿ ಹೂತಿರೋ ಹಳೇ ಲೋಹದ ಸಾಮಾನು ಹುಡುಕೋ ಹವ್ಯಾಸಕ್ಕೆ.

ವಿಷಯ ತಿಳಿದು ದುರ್ಗದ ಹತ್ರ ಇರೋ ನಮ್ಮ ಭಾವ ಫೋನಲ್ಲೇ ಬಿದ್ದು ಬಿದ್ದು ನಕ್ರು. "ಏನಪ್ಪಾ, ಅಷ್ಟು ದೂರ ಹೋಗಿ ಕೊನೆಗೆ ನಿಧಿ ತೆಗೆಯೋ ಕೆಲಸಕ್ಕೆ ಇಳಿದ್ಯಾ? ಅಂಜನ ಹಾಕ್ಸಿ ನೋಡಿದ್ಯಾ ಇಲ್ಲಾ ಸುಮ್ನೆ ಅಗೀತಿದ್ಯಾ?" ಅಂದ್ರು. ಹಿಂದಿನಿಂದ ಅಕ್ಕ "ಲೋ, ಹಾವು ಗೀವು ಇರ್ತಾವೆ ಕಣೋ, ಹುಷಾರು" ಅಂದ್ಲು. ತಮಾಷೆಗೇ ಅಂದಿದ್ದು, ಆದ್ರೆ ನಮ್ಮ ಸೀಮೇಲಿ ನೆಲದೊಳಗಿನ ವಸ್ತು ಅಂದ್ರೆ ಇಷ್ಟೇ, ಕೊಪ್ಪರಿಗೆ ತುಂಬಾ ಹೊನ್ನು, ಅದಕ್ಕೊಂದು ಸರ್ಪ ಕಾವಲು, ಅಮಾವಾಸ್ಯೆ ರಾತ್ರಿ ಪೂಜೆ, ಬಲಿ. ಏಳುಸುತ್ತಿನ ಕೋಟೆ ನೆರಳಲ್ಲಿ ಬೆಳೆದವರಿಗೆ ಇಂಥಾ ಕಥೆ ಹೊಸದಲ್ಲ, ಪ್ರತಿ ಹಾಳುಗುಡಿ ಕೆಳಗೂ ಪಾಳೇಗಾರರು ಏನೋ ಹೂತಿಟ್ಟು ಹೋಗಿದಾರೆ ಅಂತಲೇ ಮಾತು. ಇಲ್ಲಿ ಅದೇ ನೆಲ, ಅದೇ ಅಗೆತ, ಆದ್ರೆ ನಡೆಯೋದು ಹಾಡಹಗಲು, ರೈತನ ಅಪ್ಪಣೆ ಇಟ್ಕೊಂಡು, ಸಿಕ್ಕಿದ್ದನ್ನ ಸಂಜೆ ಫೋಟೋ ತೆಗೆದು ಅಳತೆ ಹಾಕಿ ಬರೆದಿಟ್ಕೊಂಡು. ನಾನು ಹೇಳೋಕೆ ಹೊರಟಿರೋದೂ ಅದನ್ನೇ, ನಾವು ಇಲ್ಲಿಯವರಿಂದ ಕಲೀಬೇಕಾದ್ದು ಏನಾದ್ರೂ ಇದ್ರೆ ಅದು ಆ ಮೆಷಿನ್ ಅಲ್ಲ, ಸಿಕ್ಕಿದ್ದು ಎಲ್ಲಿ ಸಿಕ್ತು ಅಂತ ಬರೆಸೋ ಅಭ್ಯಾಸ.

ಮೊದಲು ಮೆಷಿನ್ ವಿಷಯ ಮುಗಿಸಿಬಿಡ್ತೀನಿ, ಯಾಕಂದ್ರೆ ಎಲ್ಲರೂ ಕೇಳೋದು ಅದನ್ನೇ, "ಚಿನ್ನ ಇದ್ರೆ ಕೂಗುತ್ತಾ?" ಅಂತ. ಕೂಗುತ್ತೆ, ಆದ್ರೆ ಕೋಲಾ ಡಬ್ಬಿ ಮುಚ್ಚಳದ ರಿಂಗಿಗೂ ಹಾಗೇ ಕೂಗುತ್ತೆ. ಕೆಳಗಿನ ತಟ್ಟೆಯಂಥ ಕಾಯಿಲ್‌ನಿಂದ ಒಂದು ಕಾಂತಕ್ಷೇತ್ರ ನೆಲಕ್ಕಿಳಿಯುತ್ತೆ, ಅಲ್ಲಿ ಲೋಹ ಇದ್ರೆ ಅದರೊಳಗೆ ಸಣ್ಣ ಸಣ್ಣ ಸುಳಿ ಕರೆಂಟ್ ಹುಟ್ಟುತ್ತೆ, ಆ ಕರೆಂಟಿನ ಕಾಂತಕ್ಷೇತ್ರ ವಾಪಸ್ ಬಂದಿದ್ದನ್ನ ಇನ್ನೊಂದು ಕಾಯಿಲ್ ಹಿಡಿಯುತ್ತೆ. ವಾಪಸ್ ಬರೋದು ಎಷ್ಟು ತಡ ಅನ್ನೋದರ ಮೇಲೆ ಇದು ಕಬ್ಬಿಣ, ಇದು ತಾಮ್ರ, ಇದು ಬೆಳ್ಳಿ ಅಂತ ಒಂದು ಅಂದಾಜು ನಂಬರ್ ತೋರಿಸುತ್ತೆ. ಅಂದಾಜು ಅಷ್ಟೇ. ತೆಳು ಚಿನ್ನದ ಉಂಗುರಕ್ಕೂ ಅಲ್ಯೂಮಿನಿಯಂ ಚೂರಿಗೂ ನಂಬರ್ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಕಸ ಬೇಡ ಅಂತ ಅದನ್ನ ಮ್ಯೂಟ್ ಮಾಡಿದ್ರೆ ಉಂಗುರನೂ ಹೋಯ್ತು. ಮಾಮೂಲಿ ಒಂದು ನಾಣ್ಯವನ್ನ ಗೇಣುದ್ದದಾಚೆ ಹಿಡಿಯೋದು ಕಷ್ಟ, ಸಿನಿಮಾದಲ್ಲಿ ತೋರಿಸೋ ಹಾಗೆ ಆಳುದ್ದ ಕೆಳಗಿನ ಪೆಟ್ಟಿಗೆ ಎಲ್ಲ ಇದರ ಕೈಲಿ ಆಗಲ್ಲ.

ಇಂಜಿನಿಯರ್ ಆಗಿದ್ದವನಿಗೆ ಇದರ ಚರಿತ್ರೆನೂ ಮಜಾ. ಟೆಲಿಫೋನಿನ ಗ್ರಹಾಂ ಬೆಲ್ 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಮೈಯಲ್ಲಿ ಹೊಕ್ಕಿದ್ದ ಗುಂಡು ಹುಡುಕೋಕೆ ಇಂಥದ್ದೇ ಒಂದು ಯಂತ್ರ ಮಾಡ್ಕೊಂಡು ಹೋದ, ಗುಂಡು ಸಿಗಲಿಲ್ಲ, ಮಲಗಿದ್ದ ಹಾಸಿಗೆಯ ಲೋಹದ ಸ್ಪ್ರಿಂಗುಗಳೂ ಅಡ್ಡ ಬಂದ್ವು. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಯೂಜೆಫ್ ಕೊಸಾಟ್ಸ್ಕಿ ಮೈನ್ ಹುಡುಕೋಕೆ ಕೈಯಲ್ಲಿ ಹಿಡಿಯೋ ಡಿಟೆಕ್ಟರ್ ಮಾಡಿದ, ಈಜಿಪ್ಟಿನ ಎಲ್ ಅಲಮೇನ್ ಯುದ್ಧದಲ್ಲಿ ಅದು ಉಪಯೋಗಕ್ಕೆ ಬಂತು. ಜೀವ ಉಳಿಸೋಕೆ ಹುಟ್ಟಿದ್ದು ಈಗ ನಮ್ಮಂಥವರ ಕೈಗೆ ಬಂದು ಅಂಗಿ ಗುಂಡಿ ಹುಡುಕ್ತಾ ಇದೆ.

ವಯಸ್ಸಾದವರಿಗೆ ಒಂದೆರಡು ಮಾತು ಹೇಳಲೇಬೇಕು, ಯಾಕಂದ್ರೆ ಇದನ್ನ ಅಂಗಡಿಯವನು ಹೇಳಲ್ಲ. ಡಿಟೆಕ್ಟರು ಕಣ್ಣಿನ ಆಟ ಅಲ್ಲ, ಕಿವಿ ಆಟ. ಕಬ್ಬಿಣಕ್ಕೆ ಗೊಗ್ಗರು ದನಿ, ಬೆಳ್ಳಿಗೆ ಸಣ್ಣ ಎತ್ತರದ ದನಿ. ವಯಸ್ಸಾಗ್ತಾ ಮೊದಲು ಕೈಕೊಡೋದೇ ಈ ಎತ್ತರದ ದನಿ ಕೇಳೋ ಶಕ್ತಿ, ಅಂದ್ರೆ ಯಾವುದು ಕೇಳಿಸ್ಬೇಕೋ ಅದೇ ಕೇಳಿಸಲ್ಲ. ಒಳ್ಳೇ ಮೆಷಿನ್‌ಗಳಲ್ಲಿ ಆ ದನಿಯನ್ನ ಇಳಿಸಿಕೊಳ್ಳೋಕೆ ಸೆಟ್ಟಿಂಗ್ ಇರುತ್ತೆ, ಯಾರಾದ್ರೂ ಹುಡುಗರನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡು ನಿಮ್ಮ ಕಿವಿಗೆ ಹೊಂದೋ ಹಾಗೆ ಸರಿಮಾಡ್ಕೊಳ್ಳಿ. ಆಮೇಲೆ ಭುಜ. ಇಡೀ ದಿನ ಎಡಕ್ಕೆ ಬಲಕ್ಕೆ ಬೀಸ್ತಾ ಇದ್ರೆ ರಾತ್ರಿ ಕೈ ಎತ್ತೋಕಾಗಲ್ಲ, ಒಂದು ಕೆಜಿ ಆಸುಪಾಸಿನ ಮೆಷಿನ್ ತಗೊಳ್ಳಿ, ಎರಡೂ ಕೈಲಿ ಬೀಸೋದು ಅಭ್ಯಾಸ ಮಾಡಿ. ಮಂಡಿಗೆ ಪ್ಯಾಡ್, ಉದ್ದ ಹಿಡಿಯ ಸನಿಕೆ, ಟೆಟನಸ್ ಇಂಜೆಕ್ಷನ್. ಪೇಸ್‌ಮೇಕರ್ ಹಾಕಿಸ್ಕೊಂಡವರು ಡಾಕ್ಟರನ್ನ ಕೇಳದೆ ಇದಕ್ಕೆ ಕೈಹಾಕಬೇಡಿ.

ಹೊಲದಲ್ಲಿ ಸಿಗೋದೇನು ಅಂದ್ರೆ, ಕಸ. ಅಲ್ಯೂಮಿನಿಯಂ ಡಬ್ಬಿ ಟ್ರ್ಯಾಕ್ಟರ್ ಬ್ಲೇಡಿಗೆ ಸಿಕ್ಕಿ ನೂರು ಚೂರಾಗಿರುತ್ತೆ, ಬೇಟೆ ತೋಟಾದ ಹಿತ್ತಾಳೆ ಬುಡ, ನೇಗಿಲ ಮೊಳೆ, ಸೀಸದ ಕೊಳವೆ ತುಂಡು. ಅದರ ನಡುವೆ ಬಟನ್ನು. ಎಷ್ಟು ಬಟನ್ ಅಂದ್ರೆ ಈ ದೇಶದ ಜನ ಮುನ್ನೂರು ವರ್ಷ ಅಂಗಿ ಹರ್ಕೊಳ್ಳೋದು ಬಿಟ್ಟು ಬೇರೇನೂ ಮಾಡ್ಲಿಲ್ವೇನೋ ಅನ್ಸುತ್ತೆ. ಅದಕ್ಕೂ ಕಾರಣ ಇದೆ. ಹಿಂದೆ ಪೇಟೆಯ ಪಾಯಿಖಾನೆ ಮಲ, ಮನೆ ಕಸ, ಹಳೇ ಬಟ್ಟೆ ಚಿಂದಿ ಎಲ್ಲವನ್ನೂ ಗಾಡಿಲಿ ತಂದು ಹೊಲಕ್ಕೆ ಗೊಬ್ಬರವಾಗಿ ಸುರೀತಿದ್ರು, ಅದರ ಜೊತೆ ಪೇಟೆಯ ಜೇಬಿಂದ ಜಾರಿದ್ದೆಲ್ಲ ಹೊಲಕ್ಕೆ ಬಂತು. ಗೊಬ್ಬರ ಕರಗ್ತು, ಲೋಹ ಉಳೀತು. ನಮ್ಮಲ್ಲೂ ತಿಪ್ಪೆಗುಂಡಿಯಿಂದ ಹೊಲಕ್ಕೆ ಗೊಬ್ಬರ ಹೊಡೀತಿದ್ರಲ್ಲ, ಅದೇ ಕೆಲಸ, ಅದರಲ್ಲಿ ಹೋದ ಕಾಲುಂಗುರ ಎಷ್ಟೋ.

ನಂಗೆ ಬಹಳ ಇಷ್ಟದ ಒಂದು ವಸ್ತು ಹೇಳ್ತೀನಿ. ಕುಯ್ಲು ಮುಗಿದ ಗೋಧಿ ಹೊಲ, ಕೂಳೆ ಮೇಲೆ ಕಾಯಿಲ್ ತಾಗಿ ಚರ್ ಚರ್ ಅಂತಿತ್ತು, ಗಟ್ಟಿ ಸಿಗ್ನಲ್ ಬಂತು, ಅಗೆದ್ರೆ ನಿಂಬೆಹಣ್ಣಿನ ಗಾತ್ರದ ಒಂದು ಮಣ್ಣುಂಡೆ. ಅಲ್ಲೇ ಬಾಟಲಿ ನೀರು ಹಾಕಿ ಹೆಬ್ಬೆರಳಲ್ಲಿ ಉಜ್ಜಿದೆ, ಹಸಿರುಗಟ್ಟಿದ ಕಂಚು, ನಡುವಿಗೆ ಒಂದು ಪಟ್ಟಿ, ಕೆಳಗಡೆ ಸೀಳು, ಸೀಳಿನ ಎರಡೂ ಕಡೆ ಎಸಳಿನ ನಕ್ಷೆ, ಅದರ ಮಧ್ಯೆ ಆರ್ ಡಬ್ಲ್ಯೂ ಅಂತ ಎರಡು ಅಕ್ಷರ. ಒಳಗೆ ತುಂಬಿದ್ದ ಮಣ್ಣನ್ನ ಹುಲ್ಲುಕಡ್ಡಿಲಿ ಕೆದಕಿ ತೆಗೆದು ಅಲ್ಲಾಡಿಸಿದೆ ನೋಡಿ, ಒಳಗಿನ ಕಬ್ಬಿಣದ ಗುಂಡು ಇನ್ನೂ ಇತ್ತು, ಟಿಣ್ ಅಂತು. ಎತ್ತಿನ ಕೊರಳ ಗಗ್ಗರ ಕಂಡವರಿಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಇದಕ್ಕೆ ಕ್ರೋಟಲ್ ಬೆಲ್ ಅಂತಾರೆ, ಗಾಡಿ ಕುದುರೆಗೆ, ಕುರಿ ದನಕ್ಕೆ ಕಟ್ತಿದ್ರು. ಆರ್ ಡಬ್ಲ್ಯೂ ಅಂದ್ರೆ ವಿಲ್ಟ್‌ಶೈರಿನ ಆಲ್ಡ್‌ಬೋರ್ನ್ ಅನ್ನೋ ಹಳ್ಳಿಯ ರಾಬರ್ಟ್ ವೆಲ್ಸ್ ಅನ್ನೋ ಎರಕದವರ ಗುರುತು, ಹದಿನೆಂಟನೇ ಶತಮಾನದ್ದು. ಎರಡಕ್ಷರದಿಂದ ಊರು, ಮನೆತನ, ಕಾಲ ಎಲ್ಲ ಹೇಳಬಹುದು, ಯಾಕಂದ್ರೆ ಹಿಂದೆ ಇಂಥದ್ದು ಸಿಕ್ಕವರು ಬರೆಸಿಟ್ಟಿದಾರೆ. ನಮ್ಮ ಗಗ್ಗರ ಮಾಡಿದ ಕಂಚುಗಾರರ ಗುರುತನ್ನ ಹೀಗೆ ಪಟ್ಟಿ ಮಾಡಿಟ್ಟಿರೋದು ನಾನಂತೂ ನೋಡಿಲ್ಲ.

ಹೊಲಕ್ಕೆ ಕಾಲಿಡೋಕೆ ಮುಂಚೆ ಅಪ್ಪಣೆ. ಇಂಗ್ಲೆಂಡಲ್ಲಿ ಯಾರದ್ದೂ ಅಲ್ಲದ ನೆಲ ಅನ್ನೋದೇ ಇಲ್ಲ, ಜನ ಓಡಾಡೋ ಕಾಲುದಾರಿ ಕೂಡ ಯಾರೋ ಒಬ್ಬರದ್ದು, ಮಾಲೀಕರ ಒಪ್ಪಿಗೆ ಇಲ್ದೆ ಬೀಸೋ ಹಾಗಿಲ್ಲ. ಬೇಲಿ ದಾಟಿ ಸುಮ್ನೆ ನುಗ್ಗಿದ್ರೆ ಅತಿಕ್ರಮ, ಅಗೆದು ತಗೊಂಡ್ರೆ ಕಳ್ಳತನ. ರಕ್ಷಿತ ಸ್ಮಾರಕಗಳ ಜಾಗದಲ್ಲಂತೂ ಸರ್ಕಾರದ ಪರವಾನಗಿ ಇಲ್ದೆ ಡಿಟೆಕ್ಟರ್ ಬಳಸೋದೇ 1979ರ ಕಾನೂನಿನ ಪ್ರಕಾರ ಅಪರಾಧ. ಹಾಗಾಗಿ ಹೋಗಿ ಬಾಗಿಲು ತಟ್ಟಬೇಕು. ಕಂದು ಬಣ್ಣದ ಮುದುಕನೊಬ್ಬ ಬೂಟು ಹಾಕ್ಕೊಂಡು ಬಂದು ನಿಮ್ಮ ಹೊಲ ಅಗೀತೀನಿ ಅಂದ್ರೆ ಎಲ್ಲರೂ ಹೂಮಾಲೆ ಹಾಕಲ್ಲ, ಎಷ್ಟೋ ಬಾಗಿಲು ಹಾಗೇ ಮುಚ್ಚಿದ್ದಿದೆ. ಒಪ್ಪಿದ ರೈತ ಒಬ್ಬರು ಮೊದಲು ಕೇಳಿದ್ದು "ಇನ್ಶೂರೆನ್ಸ್ ಇದ್ಯಾ, ಗುಂಡಿ ಮುಚ್ತೀಯಾ, ಗೇಟ್ ಹಾಕ್ತೀಯಾ?" ಇಷ್ಟೇ. ಚಿನ್ನದ ಮಾತೇ ಎತ್ತಲಿಲ್ಲ. ಅವರ ಚಿಂತೆ ಕುರಿ ಕಾಲು ಗುಂಡಿಗೆ ಸಿಕ್ಕಿ ಮುರೀಬಾರ್ದು, ಬಿತ್ತಿದ ಮೇಲೆ ಯಾರೂ ತುಳೀಬಾರ್ದು ಅನ್ನೋದು. ರೈತ ಎಲ್ಲಾ ಕಡೆನೂ ರೈತನೇ.

ಈಗ ಕಾನೂನಿಗೆ ಬರ್ತೀನಿ, ಇದೇ ನಂಗೆ ಈ ಹವ್ಯಾಸದಲ್ಲಿ ಅತಿ ರುಚಿ ಕೊಟ್ಟ ಭಾಗ. ಇಂಗ್ಲೆಂಡಿಗೆ 1996ರ ಟ್ರೆಷರ್ ಆಕ್ಟ್ ಅಂತ ಒಂದಿದೆ. ಮುನ್ನೂರು ವರ್ಷಕ್ಕಿಂತ ಹಳೇದು, ತೂಕದಲ್ಲಿ ಹತ್ತು ಪರ್ಸೆಂಟಾದ್ರೂ ಚಿನ್ನ ಇಲ್ಲಾ ಬೆಳ್ಳಿ ಇರೋ ವಸ್ತು ಸಿಕ್ರೆ, ಇಲ್ಲಾ ಅಂಥ ಹಳೇ ಚಿನ್ನ ಬೆಳ್ಳಿ ನಾಣ್ಯ ಎರಡೋ ಹೆಚ್ಚೋ ಒಟ್ಟಿಗೆ ಸಿಕ್ರೆ, ಹದಿನಾಲ್ಕು ದಿನದೊಳಗೆ ಕರೋನರ್ ಅನ್ನೋ ಅಧಿಕಾರಿಗೆ ತಿಳಿಸಬೇಕು. ಮ್ಯೂಸಿಯಂ ಬೇಕು ಅಂದ್ರೆ ತಜ್ಞರ ಸಮಿತಿ ಮಾರ್ಕೆಟ್ ಬೆಲೆ ಕಟ್ಟುತ್ತೆ, ಮ್ಯೂಸಿಯಂ ಆ ದುಡ್ಡು ಹೊಂದಿಸಿ ಕೊಡುತ್ತೆ, ಸಾಮಾನ್ಯವಾಗಿ ಸಿಕ್ಕವನಿಗೆ ಅರ್ಧ, ಹೊಲದವನಿಗೆ ಅರ್ಧ. ಯಾರಿಗೂ ಬೇಡ ಅಂದ್ರೆ ವಾಪಸ್. ಮುಚ್ಚಿಟ್ರೆ ಜೈಲು ಉಂಟು.

ಅದಕ್ಕಿಂತ ದೊಡ್ಡದು ಅದರ ಮಗ್ಗುಲಲ್ಲೇ 1997ರಲ್ಲಿ ಶುರುವಾದ ಇನ್ನೊಂದು ವ್ಯವಸ್ಥೆ, ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್. ಕಾನೂನಿನ ಲೆಕ್ಕಕ್ಕೆ ಬಾರದ ಬಕಲ್ಲು, ಸವೆದ ರೋಮನ್ ತಾಮ್ರದ ಕಾಸು, ಸೀಸದ ಮುದ್ರೆ ಇಂಥದ್ದನ್ನೂ ತಂದು ತೋರಿಸಿ, ಬರ್ಕೊಂಡು ವಾಪಸ್ ಕೊಡ್ತೀವಿ ಅನ್ನೋ ಸ್ಕೀಮು. ಪ್ರತಿ ಪ್ರಾಂತ್ಯಕ್ಕೂ ಒಬ್ಬರು ಫೈಂಡ್ಸ್ ಲಿಯೇಸನ್ ಆಫೀಸರ್, ಅಂದ್ರೆ ಜನ ತಂದಿದ್ದನ್ನ ನೋಡಿ ಬರ್ಕೊಳ್ಳೋರು ಇರ್ತಾರೆ, ಹೆಚ್ಚಿನವರು ಪುರಾತತ್ವ ಓದಿದ ಯುವಕ ಯುವತಿಯರು. ನಾನು ಬಟ್ಟೆ ಪೊಟ್ಟಣದಲ್ಲಿ ಒಂದಿಷ್ಟು ಸಾಮಾನು ಕಟ್ಕೊಂಡು ಹೋದ್ರೆ ನಮ್ಮ ಕಡೆಯ ಆಫೀಸರ್ ಹುಡುಗಿ ಮೊದಲು ವಸ್ತು ನೋಡಲ್ಲ, ಮ್ಯಾಪ್ ನಂಬರ್ ಕೇಳ್ತಾಳೆ. ಎಷ್ಟು ಆಳ, ಉತ್ತ ಹೊಲವೋ ಹುಲ್ಲುಗಾವಲೋ, ಜೊತೆಗೆ ಮಡಕೆ ಚೂರಿತ್ತಾ. ಜಾಗದ ನಂಬರ್ ಇಲ್ದೆ ಬೆಳ್ಳಿ ತಂದ್ರೆ ಅವಳ ಮುಖ ಸಪ್ಪಗಾಗುತ್ತೆ, ನಂಬರ್ ಸಮೇತ ಮುರುಕು ಬಕಲ್ ತಂದ್ರೆ ಅರಳುತ್ತೆ. ಹೀಗೆ ಬರೆಸಿ ಬರೆಸಿ ಈಗ ಹದಿನೈದು ಲಕ್ಷಕ್ಕೂ ಮೇಲೆ ವಸ್ತುಗಳ ಪಟ್ಟಿ ಆಗಿದೆ, ಯಾರು ಬೇಕಾದ್ರೂ ಕೂತು ನೋಡಬಹುದು, ಅದರಲ್ಲಿ ಬಹುಪಾಲು ನಮ್ಮಂಥ ಹವ್ಯಾಸಿಗಳು ತಂದಿದ್ದು.

ಜಾಗ ಬರೆಯೋದು, ಮಣ್ಣಲ್ಲಿ ಇದ್ದ ಹಾಗೇ ಬಿಡೋದು ಯಾಕೆ ಮುಖ್ಯ ಅನ್ನೋದಕ್ಕೆ ಫ್ರೋಮ್ ಕಥೆ ಸಾಕು. 2010ರಲ್ಲಿ ಸಾಮರ್ಸೆಟ್‌ನ ಫ್ರೋಮ್ ಹತ್ರ ಡೇವ್ ಕ್ರಿಸ್ಪ್ ಅನ್ನೋರಿಗೆ, ಆಸ್ಪತ್ರೆಲಿ ಅಡಿಗೆ ಮಾಡ್ತಿದ್ದವರು, ಅರವತ್ತು ದಾಟಿದ್ರು ಆಗ, ಹೊಲದಲ್ಲಿ ಒಂದು ಮಡಕೆ ಬಾಯಿ ಸಿಕ್ತು. ಒಂದಿಷ್ಟು ನಾಣ್ಯ ನೋಡಿ ಕೈ ನಿಲ್ಲಿಸಿಬಿಟ್ರು. ಪುರಾತತ್ವದವರನ್ನ ಕರೆಸಿದ್ರು. ಅವರು ಪದರ ಪದರವಾಗಿ ತೆಗೆದು ಎಣಿಸಿದಾಗ 52,503 ರೋಮನ್ ನಾಣ್ಯ. ಪದರ ಬಿಡಿಸಿ ತೆಗೆದಿದ್ದಕ್ಕೆ ಒಂದು ವಿಷಯ ಗೊತ್ತಾಯ್ತು, ಕರೌಸಿಯಸ್ ಅನ್ನೋ ದೊರೆಯ ನಾಣ್ಯಗಳು, ಅಂದ್ರೆ ಇದ್ದಿದ್ದರಲ್ಲೇ ಹೊಸವು, ಮೇಲೆ ಇರ್ಲಿಲ್ಲ, ಹೆಚ್ಚಿನವು ಮಡಕೆಯ ಕೆಳ ಅರ್ಧದಲ್ಲಿದ್ವು. ವರ್ಷ ವರ್ಷ ಕೂಡಿಟ್ಟ ಉಳಿತಾಯ ಆಗಿದ್ರೆ ಹೊಸದು ಮೇಲಿರಬೇಕಿತ್ತು ತಾನೆ, ಹಾಗಾಗಿ ಒಂದೇ ಸಲಕ್ಕೆ ಸುರಿದಿದಾರೆ, ಮಡಕೆನೂ ಅಷ್ಟು ತೂಕ ಹೊತ್ತು ತರೋವಷ್ಟು ಗಟ್ಟಿ ಇಲ್ಲ, ಮೊದಲು ಹೂತು ಆಮೇಲೆ ತುಂಬಿದಾರೆ, ಬಹುಶಃ ದೇವರಿಗೆ ಒಪ್ಪಿಸಿದ ಕಾಣಿಕೆ ಇರಬೇಕು ಅಂತ ವಿದ್ವಾಂಸರು ವಾದ ಮಾಡಿದ್ರು. ಕ್ರಿಸ್ಪ್ ಅವತ್ತು ಬಕೆಟ್ಟಿಗೆ ಬಳ್ಕೊಂಡು ಬಂದಿದ್ರೆ ನಾಣ್ಯ ಅಷ್ಟೇ ಇರ್ತಿತ್ತು, ಈ ಮಾತು ಇರ್ತಿರ್ಲಿಲ್ಲ.

ರಿಟೈರ್ ಆದವರಿಗೆ ಮಾತ್ರ ನಾನು ಎರಿಕ್ ಲಾಸ್ ಕಥೆನೇ ಹೇಳೋದು. ಸಫೋಕ್‌ನ ಹಾಕ್ಸನ್ ಹಳ್ಳಿ, 1992ರ ನವೆಂಬರ್. ರಿಟೈರ್ ಆದ ತೋಟಗಾರ, ರಿಟೈರ್‌ಮೆಂಟ್ ಉಡುಗೊರೆಯಾಗಿ ಬಂದ ಡಿಟೆಕ್ಟರ್ ಹಿಡ್ಕೊಂಡು ಹೋಗಿದ್ದು ರೈತ ಗೆಳೆಯ ಕಳ್ಕೊಂಡಿದ್ದ ಸುತ್ತಿಗೆ ಹುಡುಕೋಕೆ. ಸಿಕ್ಕಿದ್ದು ಹದಿನೈದು ಸಾವಿರದಷ್ಟು ರೋಮನ್ ಚಿನ್ನ ಬೆಳ್ಳಿ ನಾಣ್ಯ, ಒಡವೆ, ಬೆಳ್ಳಿ ಚಮಚಗಳು. ಆಗ 1996ರ ಕಾನೂನು ಇರ್ಲಿಲ್ಲ, ಬಹುಮಾನ ಪೂರ್ತಿ ಹುಡುಕಿದವನಿಗೇ. ಹದಿನೇಳೂವರೆ ಲಕ್ಷ ಪೌಂಡ್ ಬಂತು, ಆತ ಅದರಲ್ಲಿ ರೈತನಿಗೂ ಪಾಲು ಕೊಟ್ಟ. ಸುತ್ತಿಗೆನೂ ಸಿಕ್ತು, ಅದನ್ನೂ ಬ್ರಿಟಿಷ್ ಮ್ಯೂಸಿಯಂ ಇಟ್ಕೊಂಡಿದೆ.

ಇಷ್ಟು ಕೇಳಿ ಇಲ್ಲಿಯವರೆಲ್ಲ ಸತ್ಯಹರಿಶ್ಚಂದ್ರರು ಅಂದ್ಕೋಬೇಡಿ. ರಾತ್ರಿ ಹೊತ್ತು ಟಾರ್ಚ್ ಹಿಡ್ಕೊಂಡು ರಕ್ಷಿತ ಜಾಗಕ್ಕೆ ನುಗ್ಗೋರು ಇದಾರೆ, ಅವರಿಗೆ ನೈಟ್‌ಹಾಕ್ ಅಂತಲೇ ಹೆಸರು. 2015ರಲ್ಲಿ ಹೆರೆಫರ್ಡ್‌ಶೈರಿನ ಲೆಮ್‌ಸ್ಟರ್ ಹತ್ರ ಇಬ್ಬರಿಗೆ ವೈಕಿಂಗ್ ಕಾಲದ ಒಡವೆ, ಸುಮಾರು ಮುನ್ನೂರು ನಾಣ್ಯ ಇದ್ದಿರಬಹುದಾದ ಗಂಟು ಸಿಕ್ತು, ಯಾರಿಗೂ ಹೇಳದೆ ಅಷ್ಟಿಷ್ಟಾಗಿ ಮಾರಿದ್ರು, 2019ರಲ್ಲಿ ಜೈಲಿಗೆ ಹೋದ್ರು, ಆ ನಾಣ್ಯಗಳಲ್ಲಿ ಬಹುಪಾಲು ಅಷ್ಟೊತ್ತಿಗೆ ಕೈತಪ್ಪಿ ಹೋಗಿತ್ತು. ಹಳೇ ಇಂಗ್ಲೆಂಡಿನ ವೆಸೆಕ್ಸ್ ರಾಜ್ಯದ ಆಲ್ಫ್ರೆಡ್, ಮರ್ಸಿಯಾ ರಾಜ್ಯದ ಚೆಯೊಲ್‌ವುಲ್ಫ್ ಇಬ್ಬರು ರಾಜರು ಮಿತ್ರರಾಗಿ ಒಟ್ಟಿಗೆ ಇದ್ರು ಅನ್ನೋದಕ್ಕೆ ಸಾಕ್ಷಿ ಹೇಳೋ ನಾಣ್ಯಗಳು ಸ್ವಾಮಿ ಅವು. ಕಾನೂನಲ್ಲೂ ತೂತಿದೆ. 2010ರಲ್ಲಿ ಕಂಬ್ರಿಯಾದ ಕ್ರಾಸ್‌ಬಿ ಗ್ಯಾರೆಟ್‌ನಲ್ಲಿ ಸಿಕ್ಕ ಅದ್ಭುತ ರೋಮನ್ ಶಿರಸ್ತ್ರಾಣ ಚಿನ್ನ ಬೆಳ್ಳಿ ಅಲ್ಲ, ಒಂಟಿ ವಸ್ತು ಅನ್ನೋ ಕಾರಣಕ್ಕೆ ನಿಯಮದಾಚೆ ಉಳಿದು ಹರಾಜಲ್ಲಿ ಇಪ್ಪತ್ತು ಲಕ್ಷ ಪೌಂಡಿಗೂ ಮೇಲೆ ಹೋಗಿ ಖಾಸಗಿಯವರ ಪಾಲಾಯ್ತು. ಅದನ್ನ ಮುಚ್ಚೋಕೆ 2023ರಲ್ಲಿ ಹೊಸ ನಿಯಮ ಸೇರಿಸಿದ್ರು, ಇನ್ನೂರು ವರ್ಷ ಹಳೇ ವಸ್ತು ವಿಶೇಷ ಮಹತ್ವದ್ದಾಗಿದ್ರೆ ಯಾವ ಲೋಹವಾದ್ರೂ ಸರಿ ತಿಳಿಸಲೇಬೇಕು ಅಂತ. ಹದಿಮೂರು ವರ್ಷ ಬೇಕಾಯ್ತು ಅದಕ್ಕೆ, ಸರ್ಕಾರದ ಫೈಲು ಇಲ್ಲೂ ಆಮೆನೇ. ಆಮೇಲೆ ವೀಡಿಯೋ ಹುಚ್ಚು, ಪ್ರತಿ ವೀಡಿಯೋಲೂ ಚಿನ್ನ ಚಿನ್ನ ಅಂತ ಕಿರುಚೋ ಹುಡುಗರು, ನೂರಾರು ಜನರನ್ನ ಒಂದೇ ಹೊಲಕ್ಕೆ ದುಡ್ಡು ಇಸ್ಕೊಂಡು ಬಿಡೋ ದೊಡ್ಡ ರ್‍ಯಾಲಿಗಳು, ಸಂಜೆ ಹೊತ್ತಿಗೆ ಆ ಹೊಲದ ಚರಿತ್ರೆ ನೂರಾರು ಜೇಬಿಗೆ ಹಂಚಿಹೋಗಿರುತ್ತೆ. ನಂಗೆ ಇಷ್ಟ ಆಗಲ್ಲ. ಪಕ್ಕದ ಐರ್ಲೆಂಡಿನವರು ಇದೆಲ್ಲ ತಲೆನೋವೇ ಬೇಡ ಅಂತ ಸರ್ಕಾರದ ಒಪ್ಪಿಗೆ ಇಲ್ದೆ ಹಳೇ ವಸ್ತು ಹುಡುಕೋಕೆ ಡಿಟೆಕ್ಟರ್ ಬಳಸೋದನ್ನೇ ನಿಷೇಧ ಮಾಡಿದಾರೆ, ಅವರ ವಾದನೂ ತಳ್ಳಿಹಾಕೋ ಹಾಗಿಲ್ಲ.

ಈಗ ನಮ್ಮ ಕಡೆ. ನಮ್ಮ ದೇಶದ ಹಳೇ ಕಾನೂನು ಕಾಗದದ ಮೇಲೆ ಇಂಗ್ಲೆಂಡಿಗಿಂತ ಉದಾರಿ ಅಂದ್ರೆ ನಂಬ್ತೀರಾ? ಬ್ರಿಟಿಷರೇ ಮಾಡಿದ 1878ರ ಇಂಡಿಯನ್ ಟ್ರೆಷರ್ ಟ್ರೋವ್ ಆಕ್ಟ್ ಪ್ರಕಾರ ಹತ್ತು ರೂಪಾಯಿ ಮೀರಿದ ಬೆಲೆಯದ್ದು ನೆಲದಲ್ಲಿ ಸಿಕ್ರೆ ಕಲೆಕ್ಟರಿಗೆ ತಿಳಿಸಬೇಕು, ಕೊನೆಗೆ ವಾರಸುದಾರರಿಲ್ಲ ಅಂತ ಆಗಿ, ಹೊಲದವನ ಜೊತೆ ಬೇರೆ ಒಪ್ಪಂದ ಇಲ್ಲದಿದ್ರೆ, ಸಿಕ್ಕವನಿಗೆ ಮುಕ್ಕಾಲು, ಹೊಲದವನಿಗೆ ಕಾಲು. ಬೇಕಿದ್ರೆ ಸರ್ಕಾರ ಬೆಲೆ ಕೊಟ್ಟು ತಗೋಬಹುದು. ಕರ್ನಾಟಕಕ್ಕೆ ಆಮೇಲೆ 1962ರಲ್ಲಿ ತನ್ನದೇ ಕಾನೂನು ಬಂತು. ಇದರ ಮೇಲೆ ರಕ್ಷಿತ ಜಾಗದಲ್ಲಿ ಲೈಸೆನ್ಸ್ ಇಲ್ದೆ ಪುರಾತನ ವಸ್ತುವಿಗಾಗಿ ಅಗೆಯೋ ಹಾಗಿಲ್ಲ ಅಂತ 1958ರದ್ದು, ನೂರು ವರ್ಷ ದಾಟಿದ್ದೆಲ್ಲ ಪ್ರಾಚ್ಯವಸ್ತು ಅಂತ 1972ರದ್ದು. ಬರೆದಿರೋದರಲ್ಲಿ ಕೊರತೆ ಇಲ್ಲ. ಕೊರತೆ ಇರೋದು ನಂಬಿಕೇಲಿ. ಮನೆ ಪಾಯ ತೆಗೆಯೋವಾಗ ಒಂದು ಚೊಂಬು ಸಿಕ್ಕಿದ ಮನುಷ್ಯನನ್ನ ಯೋಚಿಸಿ. ತಾಲ್ಲೂಕು ಕಚೇರಿಗೆ ಹೋದ್ರೆ ಪೊಲೀಸ್ ಬರ್ತಾರೆ, ಕೆಲಸ ನಿಲ್ಲುತ್ತೆ, ಇನ್ನೂ ಇತ್ತಾ ಎಲ್ಲಿ ಬಚ್ಚಿಟ್ಟೆ ಅಂತ ಕೇಳ್ತಾರೆ, ಊರವರು ಹತ್ತು ಚೊಂಬು ಸಿಕ್ತಂತೆ ಅಂತಾರೆ. ಅದಕ್ಕೆ ಅವನು ರಾತ್ರೋರಾತ್ರಿ ದೂರದ ಪೇಟೆಯ ಚಿನಿವಾರನ ಹತ್ರ ಹೋಗಿ ಕರಗಿಸ್ತಾನೆ. ಗದ್ಯಾಣವೋ ವರಹವೋ ಯಾವ ರಾಜನ ಲಾಂಛನವೋ, ಮೂಸೆಗೆ ಬಿದ್ರೆ ಎಲ್ಲ ಒಂದೇ ಗಟ್ಟಿ.

ಇನ್ನು ನಿಧಿಗಳ್ಳರು. ಗರ್ಭಗುಡಿ ಅಗೆದ್ರು, ಬಸವಣ್ಣನ ಹೊಟ್ಟೆ ಒಡೆದ್ರು, ವೀರಗಲ್ಲು ಕಿತ್ತುಹಾಕಿದ್ರು ಅನ್ನೋ ಸುದ್ದಿ ಕನ್ನಡ ಪೇಪರ್ ಓದೋರಿಗೆ ಹೊಸದಲ್ಲ. 2019ರ ಜುಲೈನಲ್ಲಿ ಆನೆಗುಂದಿಯ ನವ ಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿ ಆಸೆಗೆ ಕೆಡವಿದ್ರಲ್ಲ, ತುಂಗಭದ್ರೆ ನಡುವಿನ ನಡುಗಡ್ಡೆಗೆ ರಾತ್ರಿ ಹೋಗಿ. ಹೊಟ್ಟೆ ಉರೀತು ಅವತ್ತು. ಇಂಥಾ ಕಡೆ ಒಬ್ಬ ಮೆಷಿನ್ ಹಿಡ್ಕೊಂಡು ಹೊಲದಲ್ಲಿ ನಿಂತ್ರೆ ಅರ್ಧ ಗಂಟೇಲಿ ಊರು ಸೇರುತ್ತೆ, ಇನ್ನರ್ಧ ಗಂಟೇಲಿ ಪೊಲೀಸ್ ಜೀಪು. ಸೇರಲಿ, ಅದೇ ಸರಿ. ಡಿಟೆಕ್ಟರನ್ನ ಕರ್ನಾಟಕದಲ್ಲಿ ಬಿಡುಬೀಸಾಗಿ ಬಿಡಬೇಕು ಅಂತ ನಾನಂತೂ ಹೇಳಲ್ಲ. ಇಲ್ಲಿ ಇಂಗ್ಲೆಂಡಲ್ಲಿ ಹೆಚ್ಚಿನ ವಸ್ತು ನೇಗಿಲು ತಿರುವಿಹಾಕಿದ ಮೇಲ್ಮಣ್ಣಲ್ಲಿ ಸಿಗುತ್ತೆ, ಅದು ಆಗಲೇ ತನ್ನ ಜಾಗ ಬಿಟ್ಟು ಕದಲಿರೋದು. ನಮ್ಮ ಹಳ್ಳಿಗಳಲ್ಲಿ ಹಾಳೂರ ದಿಬ್ಬ, ಬೂದಿಗುಡ್ಡ, ಮುರಿದ ಗುಡಿ ಕಾಲಬುಡದಲ್ಲೇ ಇನ್ನೂ ಪದರ ಕೆಡದೆ ಕೂತಿವೆ, ಅವಕ್ಕೆ ಕಾವಲಿಲ್ಲ. ಮೊದಲು ಬರ್ಕೊಳ್ಳೋ ಮನುಷ್ಯನನ್ನ ನೇಮಿಸದೆ ಅಗೆಯೋ ಮನುಷ್ಯನಿಗೆ ಪರ್ಮಿಟ್ ಕೊಟ್ರೆ ಊರು ಉಳಿಯಲ್ಲ.

ಬರ್ಕೊಂಡಿದ್ದಕ್ಕೆ ಏನು ಉಳೀತು ಅನ್ನೋದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. 1891ರಲ್ಲಿ ಯಶವಂತಪುರದ ಹತ್ರ ರೈಲ್ವೆಗೆ ಮಣ್ಣು ತೆಗೆಯೋವಾಗ 163 ರೋಮನ್ ಬೆಳ್ಳಿ ನಾಣ್ಯ ಸಿಕ್ವು. ಎಣಿಸಿ, ಯಾವ ಚಕ್ರವರ್ತಿದು ಅಂತ ನೋಡಿ ದಾಖಲೆ ಮಾಡಿದ್ದಕ್ಕೆ ಇವತ್ತು ಬೆಂಗಳೂರಿಗೂ ರೋಮಿಗೂ ನಂಟಿತ್ತು ಅಂತ ಧೈರ್ಯವಾಗಿ ಹೇಳ್ತೀವಿ. ನಮ್ಮ ದುರ್ಗದ ಚಂದ್ರವಳ್ಳಿಲೂ ಅಷ್ಟೇ, ಪುರಾತತ್ವದ ಎಂ.ಎಚ್. ಕೃಷ್ಣ ಅವರು ಅಗೆಸಿದ್ರು, ಆಮೇಲೆ 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ವ್ಹೀಲರ್ ಅಗೆಸಿದ್ರು, ಶಾತವಾಹನರ ಸೀಸದ ನಾಣ್ಯದ ಜೊತೆ ಅಗಸ್ಟಸ್, ಟೈಬೀರಿಯಸ್ ಬೆಳ್ಳಿ ನಾಣ್ಯ. ನಾನು ಇಲ್ಲಿ ಗೋಧಿ ಹೊಲದಲ್ಲಿ ಸವೆದ ರೋಮನ್ ಕಾಸು ಹಿಡ್ಕೊಂಡು ಕುಣೀತಿರ್ತೀನಿ, ಅದೇ ರೋಮಿನವರ ಬೆಳ್ಳಿ ನಮ್ಮೂರ ಬಂಡೆ ಸಂದೀಲಿತ್ತು, ಚಿಕ್ಕಂದಿನಲ್ಲಿ ಪಿಕ್ನಿಕ್ಕಿಗೆ ಅಂತ ಅಲ್ಲಿಗೆ ಹೋಗ್ತಿದ್ದ ನಮಗೆ ಯಾವ ಮೇಷ್ಟ್ರೂ ಇದನ್ನ ಹೇಳಿರ್ಲಿಲ್ಲ.

ಹಾಗಂತ ಊರಲ್ಲಿ ರಿಟೈರ್ ಆದವರು ಕೈಕಟ್ಟಿ ಕೂರಬೇಕಿಲ್ಲ. ಮೆಷಿನ್ ಬೇಡದ, ಸನಿಕೆ ಬೇಡದ ಹುಡುಕಾಟ ನಮ್ಮಲ್ಲಿ ಆಗಲೇ ನಡೀತಿದೆ, ಶಾಸನ ಹುಡುಕಾಟ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ ಕಿಟ್ಟಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದ್ದು, ಟ್ರಾಫಿಕ್ಕಿನ ಆ ಹೆಬ್ಬಾಳದಲ್ಲಿ! ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಇಂಥ ಕಲ್ಲುಗಳನ್ನ ಹುಡುಕಿ ಹುಡುಕಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಅಕ್ಷರ ಅಕ್ಷರ ಓದಿ ಇಡ್ತಿದಾರೆ. ಬಿ.ಎಲ್. ರೈಸ್ ಕಾಲದ ಎಪಿಗ್ರಾಫಿಯಾ ಕರ್ನಾಟಿಕಾ, ಅಂದ್ರೆ ನಮ್ಮ ಕಡೆಯ ಶಾಸನಗಳನ್ನ ಒಟ್ಟು ಮಾಡಿ ಅಚ್ಚು ಹಾಕಿಸಿದ ಪುಸ್ತಕಮಾಲೆಯ ಸಂಪುಟ ತೆಗೆದು ನಿಮ್ಮ ತಾಲ್ಲೂಕಿನ ಪುಟ ನೋಡಿ, ಇಂಥ ಹಳ್ಳಿಯ ಇಂಥ ಗುಡಿ ಮುಂದೆ ಅಂತ ಬರೆದಿರುತ್ತೆ, ಆ ಕಲ್ಲು ಈಗ ಅಲ್ಲಿದ್ಯಾ, ಇಲ್ಲಾ ಬಟ್ಟೆ ಒಗೆಯೋ ಕಲ್ಲಾಗಿದ್ಯಾ, ರಸ್ತೆ ಅಗಲ ಮಾಡೋವಾಗ ಜೆಸಿಬಿ ಬಾಯಿಗೆ ಹೋಯ್ತಾ ಅಂತ ಹೋಗಿ ನೋಡಿ ಫೋಟೋ ತೆಗೆದು ಜಿಪಿಎಸ್ ಬರೆದಿಡೋಕೆ ಯಾರ ಲೈಸೆನ್ಸೂ ಬೇಡ. ಮಂಡಿ ನೋವೂ ಕಮ್ಮಿ.

ಸರ್ಕಾರದಿಂದ ನಂಗೆ ಬೇಕಿರೋದೂ ದೊಡ್ಡದೇನಲ್ಲ. ಜಿಲ್ಲೆಗೊಬ್ಬರು, ಪೊಲೀಸಲ್ಲ, ರೆವಿನ್ಯೂನೂ ಅಲ್ಲ, ಪುರಾತತ್ವ ಓದಿದ ಒಬ್ಬ ಹುಡುಗನೋ ಹುಡುಗಿಯೋ, ಕೈಲಿ ತೂಕದ ಯಂತ್ರ, ಕ್ಯಾಮೆರಾ. ಬೋರ್‌ವೆಲ್ ಪಾಯಿಂಟಲ್ಲಿ, ಪಾಯ ತೆಗೆಯೋವಾಗ, ಕೆರೆ ಹೂಳೆತ್ತೋವಾಗ ಸಿಕ್ಕಿದ್ದನ್ನ ತೋರಿಸೋಕೆ ಬಂದವನಿಗೆ ಕುರ್ಚಿ ಕೊಟ್ಟು ಕೂರಿಸಿ "ಎಲ್ಲಿ ಸಿಕ್ತು ಯಜಮಾನ್ರೇ, ಎಷ್ಟು ಆಳದಲ್ಲಿ" ಅಂತ ಕೇಳೋರು. ತಾಮ್ರದ ಕಾಸನ್ನ ಬರ್ಕೊಂಡು ವಾಪಸ್ ಕೊಡಲಿ, ಚಿನ್ನಕ್ಕೆ ಕಾನೂನು ಹೇಳೋ ಪಾಲನ್ನ ವರ್ಷದೊಳಗೆ ಕೊಡಲಿ. ಒಂದು ಊರಲ್ಲಿ ಒಬ್ಬನಿಗೆ ಹೀಗೆ ದುಡ್ಡು ಬಂತು ಅಂತ ಸುದ್ದಿಯಾದ್ರೆ ಪಕ್ಕದ ಹತ್ತು ಊರವರು ಚಿನಿವಾರನ ಹತ್ರ ಹೋಗೋ ಮುಂಚೆ ಯೋಚಿಸ್ತಾರೆ. ಭಾವನಿಗೆ ಇದನ್ನೆಲ್ಲ ಹೇಳಿದ್ರೆ "ಕುರ್ಚಿ ಕೊಡ್ತಾರಾ, ಬಿಡಪ್ಪ" ಅಂತಾರೆ. ಅಷ್ಟೇ ಅಲ್ಲ, "ಮುಂದಿನ ಸಲ ಬರೋವಾಗ ಆ ಮೆಷಿನ್ ತಗೊಂಡು ಬಾ, ನಮ್ಮ ಹೊಲದಲ್ಲಿ ಒಂದ್ಸಲ ಆಡಿಸೋಣ" ಅಂತಾನೂ ಅಂತಾರೆ. ತರಲ್ಲ ಭಾವ ಅಂದಿದೀನಿ. ಹೊಲದ ಮೂಲೇಲಿ ಹುಣಸೆಮರದ ಬುಡಕ್ಕೆ ಒರಗಿಸಿರೋ ವೀರಗಲ್ಲಿದ್ಯಲ್ಲ, ಅದರ ಫೋಟೋ ಬಿಸಿಲು ಓರೆ ಇದ್ದಾಗ ತೆಗೆದು ಕಳಿಸಿ, ಸುಣ್ಣ ಬಳಿಯೋಕೆ ಬಿಡಬೇಡಿ ಅಂದೆ. ಇನ್ನೂ ಕಳಿಸಿಲ್ಲ, ಅಕ್ಕನಿಗೆ ಹೇಳ್ಬೇಕು.